ಕೊನೆಯ ಮಾತಿಗೆ ಜಾಗ

ದೊಡ್ಡನೆಕ್ಕುಂದಿಯ ಆ ಕಾರ್ಖಾನೆಯಲ್ಲಿ ಕಾರಿನೊಳಗೆ ಓಡುವ ವೈರುಗಳನ್ನು ಕಟ್ಟು ಮಾಡಿ ಕಳಿಸುತ್ತಾರೆ. ಅಂಜಿನಮ್ಮ ಕೂರುತ್ತಿದ್ದದ್ದು ಪರೀಕ್ಷೆಯ ಮೇಜಿನಲ್ಲಿ. ಕಟ್ಟನ್ನು ಬೋರ್ಡಿಗೆ ಸಿಕ್ಕಿಸಬೇಕು. ಹಸಿರು ದೀಪ ಹತ್ತಿದರೆ ಸೀಲ್ ಒತ್ತಿ ಮುಂದಕ್ಕೆ, ಕೆಂಪು ಹತ್ತಿದರೆ ಹಿಂದಕ್ಕೆ. ಮಗ ಸೂರ್ಯ ಒಂದನೇ ಕ್ಲಾಸಿಗೆ ಸೇರಿದ ವರ್ಷ ಹಿಡಿದ ಕೆಲಸ, ಅವನಿಗೆ ಮದುವೆಯಾಗಿ ಮನೆಗೆ ಸೊಸೆ ಬಂದರೂ ಬಿಟ್ಟಿರಲಿಲ್ಲ.

ಒಂದು ಲೋಡು ಮಾಲು ಗಿರಾಕಿ ಕಂಪನಿಯಿಂದ ವಾಪಸು ಬಂತು. ಪರೀಕ್ಷೆಯೇ ಆಗದೆ ಹೋದ ಮಾಲು. ಆ ದಿನ ನಡೆದದ್ದು ಇಷ್ಟು: ಬೋರ್ಡು ಕೆಟ್ಟಿತ್ತು. ಅಂಜಿನಮ್ಮ ಲೈನು ನಿಲ್ಲಿಸಿ ಅಂದಳು. ಸೂಪರ್‌ವೈಸರ್ ಸುದರ್ಶನ್, "ಲಾರಿ ಕಾಯ್ತಾ ಇದೆ, ಸುಮ್ನೆ ಸೀಲ್ ಒತ್ತು" ಅಂದ. ಪಕ್ಕದ ಮೇಜಿನ ಪಟಾಲಮ್ಮ ಅದನ್ನು ಕೇಳಿಸಿಕೊಂಡಳು. ಆದರೆ ಮಾಲಿನ ಮೇಲಿದ್ದದ್ದು ಅಂಜಿನಮ್ಮನ ಸೀಲು. ಆರೋಪ ಅವಳ ಹೆಸರಿಗೇ ಬಂತು. ಒಳವಿಚಾರಣೆಯಲ್ಲಿ ತಪ್ಪು ಅವಳದೇ ಎಂದು ತೀರ್ಮಾನವಾದರೆ ಕೆಲಸ ಹೋಗುತ್ತಿತ್ತು.

ಆ ವರ್ಷವೇ ಕಾರ್ಖಾನೆಯವರು ವಿಚಾರಣೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದರು. ಆರೋಪಕ್ಕೆ ಉತ್ತರವನ್ನೂ ಅದರಲ್ಲೇ ಬರೆದು ಕಳಿಸಬೇಕು. ಆ ಸಾಫ್ಟ್‌ವೇರ್ ಮಾಡಿಕೊಟ್ಟದ್ದು ಜೀವನ್ ಬಿಮಾ ನಗರದ ಒಂದು ಮನೆಯ ಮಹಡಿಯ ಮೇಲಿದ್ದ ಸಣ್ಣ ಕಂಪನಿ. ಯಜಮಾನ ಕಶ್ಯಪ್. ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಅದನ್ನು ಮೊದಲಿಂದ ಕೊನೆಯವರೆಗೆ ಬರೆದವಳು ಪೂಜಿತಾ. ಅದನ್ನು ಬಳಸುವುದು ಹೇಗೆಂದು ತೋರಿಸಲು ಅವಳೇ ಲ್ಯಾಪ್‌ಟಾಪ್ ಹಿಡಿದು ಕಾರ್ಖಾನೆಯ ಕ್ಯಾಂಟೀನಿಗೆ ಬಂದಿದ್ದಳು.

"ಇದ್ರಲ್ಲಿ ಎಷ್ಟು ಬರೀಬಹುದಮ್ಮ?" ಎಂದು ಅಂಜಿನಮ್ಮ ಕೇಳಿದಳು.

"ಎಷ್ಟು ಬೇಕಾದ್ರೂ ಬರೀರಿ ಅಮ್ಮ. ಕಾಗದ ಆದ್ರೆ ತುಂಬೋಗುತ್ತೆ. ಇದು ತುಂಬಲ್ಲ."

ಪೂಜಿತಾ ಒಂದು ಇಂಗ್ಲಿಷ್ ಪುಟವನ್ನು ಎತ್ತಿ, ಮತ್ತೆ ಮತ್ತೆ ಅಂಟಿಸಿ, ಕಳಿಸುವ ಗುಂಡಿ ಒತ್ತಿ ತೋರಿಸಿದಳು. ಎಲ್ಲವನ್ನೂ ನುಂಗಿದ ಪರದೆ 'ತಲುಪಿದೆ' ಅಂತ ಹಸಿರು ಅಕ್ಷರದಲ್ಲಿ ಹೇಳಿತು. ಹಸಿರು ದೀಪವನ್ನು ನಂಬಿ ಬದುಕಿದ ಹೆಂಗಸಿಗೆ ಅಷ್ಟು ಸಾಕಾಯಿತು.

ಯೂನಿಯನ್ನಿನ ಮುನಿರಾಜಪ್ಪ ಟೀ ಲೋಟ ಕೆಳಗಿಟ್ಟು, "ಕಾಗದದ ಮೇಲೆ ಬರ್ದು, ಒಂದು ಕಾಪಿ ಇಟ್ಕೊಂಡು, ಅದಕ್ಕೆ ಆಫೀಸ್ ಸೀಲ್ ಹಾಕಿಸ್ಕೊಳೋದು ನಮ್ಮ ಪದ್ಧತಿ. ಅದನ್ನ ಬಿಡ್ಬೇಡ ಅಂಜಿನಿ" ಅಂದ.

"ಸೀಲ್ ಒತ್ತಿ ತಾನೆ ಅಣ್ಣ ನಾನು ಈ ಗತಿಗೆ ಬಂದಿರೋದು" ಎಂದಳು ಅಂಜಿನಮ್ಮ. ಸುತ್ತ ಕೂತವರು ನಕ್ಕರು. ಅವಳು ಪೂಜಿತಾಳ ಕಡೆ ತಿರುಗಿದಳು. "ನೀನು ಎಲ್ಲಿಯೋಳಮ್ಮ?"

"ಕೆ.ಆರ್. ಪುರ, ದೇವಸಂದ್ರ."

"ಅಂಗಾದ್ರೆ ನಮ್ಮೂರ ಹುಡುಗೀನೇ. ನಾವು ಟಿನ್ ಫ್ಯಾಕ್ಟ್ರಿ ಸ್ಟಾಪ್ ಆಚೆ. ನೀನು ಅಂದ್ಮೇಲೆ ಮುಗೀತು ಬಿಡು."

ಅಂಜಿನಮ್ಮನಿಗೆ ಟೈಪು ಬರುತ್ತಿರಲಿಲ್ಲ. ಮಾತಾಡಿದರೆ ಕನ್ನಡ ಅಕ್ಷರ ಮಾಡಿಕೊಡುವುದು ಫೋನಿಗೆ ಬರುತ್ತಿತ್ತು. ಸಂಜೆ ಮನೆಯ ಮಾಳಿಗೆ ಹತ್ತಿ, ಒಣಗಿದ ಬಟ್ಟೆಗಳ ನಡುವೆ ಕೂತು, ಫೋನಿಗೆ ಹೇಳುತ್ತ ಹೋದಳು. ಯಾರೂ ಕೇಳದೆ ಇದ್ದವರಿಗೆ ಜಾಗ ಬೇಕಾದಷ್ಟಿದೆ ಅಂದರೆ, ಅವರು ಮೊನ್ನೆಯ ಸಂಗತಿಯಿಂದ ಶುರುಮಾಡುವುದಿಲ್ಲ. ಅಂಜಿನಮ್ಮ ಮೊದಲ ದಿನದಿಂದ ಶುರುಮಾಡಿದಳು. ಬೋರ್ಡು ಹೇಗೆ ಕೆಡುತ್ತದೆ, ಯಾರಿಗೆ ಎಷ್ಟು ಸಲ ಹೇಳಿದ್ದಳು, ಸುದರ್ಶನ್‌ಗಿಂತ ಮುಂಚೆ ಇದ್ದವನು ಹೇಗೆ ಕೇಳುತ್ತಿದ್ದ, ಎಲ್ಲ. ಸಾಕ್ಷಿಯ ಹೆಸರನ್ನು ಮಾತ್ರ ಕೊನೆಗೆ ಉಳಿಸಿಕೊಂಡಳು. ಪಟಾಲಮ್ಮನನ್ನು ಕೇಳದೆ ಅವಳ ಹೆಸರು ಹಾಕುವುದು ಸರಿಯಲ್ಲ ಅನ್ನಿಸಿತ್ತು.

"ಅವರು ಪತ್ರ ಕಳಿಸಿ ಕರೆದ್ರೆ ಬಂದು ಇದ್ದದ್ದು ಹೇಳ್ತೀನಿ ಅಕ್ಕ" ಅಂದಳು ಪಟಾಲಮ್ಮ, ಮಾರನೆಯ ದಿನ ಕೇಳಿದಾಗ. "ನಾನಾಗೇ ಬಂದ್ರೆ ನನ್ನನ್ನೂ ಮನೆಗೆ ಕಳಿಸ್ತಾರೆ. ಮನೇಲಿ ದುಡಿಯೋಳು ನಾನೊಬ್ಬಳೇ."

ಅದು ನ್ಯಾಯವೇ. ಅಂಜಿನಮ್ಮ ಹೆಸರು ಹೇಳಿ, ಕರೆಸಬೇಕೆಂದು ಕೇಳಿಕೊಂಡು, ನಮಸ್ಕಾರ ಹೇಳಿ ಒತ್ತಿದಳು. 'ತಲುಪಿದೆ' ಎಂದು ಹಸಿರಾಗಿ ಬಂತು.

*

ವಿಚಾರಣೆ ನಡೆಸಲು ಕಾರ್ಖಾನೆಯವರು ಹೊರಗಿನ ಒಬ್ಬ ವಕೀಲರನ್ನು ಕರೆಸಿದ್ದರು. ಉತ್ತರವನ್ನು ಓದಿದವಳು ಸಿಬ್ಬಂದಿ ವಿಭಾಗದ ಮ್ಯಾನೇಜರ್ ಸಂಹಿತಾ. ಚೆನ್ನಾಗಿಯೇ ಓದಿದಳು. ಬೋರ್ಡು ಕೆಟ್ಟಿತ್ತು, ಸುದರ್ಶನ್ ಒತ್ತು ಅಂದ, ಅದನ್ನು ನೋಡಿದವರು ಇದ್ದಾರೆ, ಅಲ್ಲಿಯವರೆಗೆ ಓದಿ ನಿಲ್ಲಿಸಿದಳು.

"ಯಾರು ನೋಡಿದವರು?" ಎಂದರು ವಕೀಲರು.

"ಇಲ್ಲಿ ಹೆಸರಿಲ್ಲ ಸರ್."

"ಐತೆ" ಎಂದಳು ಅಂಜಿನಮ್ಮ. "ಕೊನೇಲಿ ಐತೆ. ಪಟಾಲಮ್ಮ. ಪಕ್ಕದ ಮೇಜು. ಕರೆಸಿ ಅಂತಾನೂ ಬರೆದಿದ್ದೀನಿ ಸ್ವಾಮಿ."

"ಬರೆದಿಲ್ಲಮ್ಮ" ಎಂದರು ವಕೀಲರು. "ಸಾಕ್ಷಿ ಹೆಸರನ್ನ ಉತ್ತರದಲ್ಲೇ ಕೊಡ್ಬೇಕು ಅಂತ ಮೊದಲೇ ತಿಳಿಸಿದ್ವಿ. ಈಗ ನೆನಪಾದವರನ್ನೆಲ್ಲ ಕರೆಸ್ತಾ ಕೂರೋಕಾಗಲ್ಲ."

"ಈಗ ನೆನಪಾದ್ದಲ್ಲ ಸ್ವಾಮಿ, ಬರೆದಿದ್ದೆ."

ಅಲ್ಲಿಂದ ಪ್ರಶ್ನೆ ಮಾಲಿನದಾಗಿ ಉಳಿಯಲಿಲ್ಲ. ಅಂಜಿನಮ್ಮ ಬರೆದಿದ್ದಳೋ ಇಲ್ಲವೋ ಎಂಬುದಾಯಿತು. ಸಾಫ್ಟ್‌ವೇರಿನವರನ್ನೇ ಕೇಳೋಣ ಎಂದು ಸಂಹಿತಾ ಹೇಳಿದಳು. ಮಾರನೆಯ ದಿನ ಪೂಜಿತಾ ಬಂದಳು.

"ಬರೆದದ್ದರಲ್ಲಿ ಸ್ವಲ್ಪ ಭಾಗ ಬಿದ್ದುಹೋಗೋದು ಉಂಟಾ?" ಎಂದು ವಕೀಲರು ಕೇಳಿದರು.

"ಇಲ್ಲ ಸರ್. ಬಂದ್ರೆ ಪೂರ್ತಿ ಬರುತ್ತೆ, ಇಲ್ದಿದ್ರೆ ತಪ್ಪಾಯ್ತು ಅಂತ ಪರದೇಲೇ ತೋರಿಸುತ್ತೆ."

ಅವಳು ಲ್ಯಾಪ್‌ಟಾಪ್ ತೆರೆದಳು. ಅದೇ ಇಂಗ್ಲಿಷ್ ಪುಟವನ್ನು ಅಂಜಿನಮ್ಮನ ಉತ್ತರದ ಎಷ್ಟೋ ಪಟ್ಟು ಅಂಟಿಸಿ ಒತ್ತಿದಳು. ಮತ್ತೆ ತೆಗೆದು ಕಡೆಯ ಸಾಲನ್ನು ತೋರಿಸಿದಳು. ಒಂದಕ್ಷರವೂ ಕಡಿಮೆಯಾಗಿರಲಿಲ್ಲ. ವಕೀಲರು ಕನ್ನಡಕ ಹಾಕಿಕೊಂಡು ನೋಡಿದರು. ಪೂಜಿತಾ ಹೇಳಿದ್ದನ್ನು ಸಂಹಿತಾ ಒಂದು ಹಾಳೆಗಿಳಿಸಿ ಸಹಿ ಹಾಕಿಸಿಕೊಂಡಳು. ಪೂಜಿತಾ ಸುಳ್ಳು ಹೇಳಲಿಲ್ಲ. ತನ್ನ ಕಣ್ಣೆದುರು ಇದ್ದ ಯಂತ್ರದ ಬಗ್ಗೆ ನಿಜ ಹೇಳಿದಳು.

ಗೇಟಿನ ಹತ್ತಿರ ಅಂಜಿನಮ್ಮ ಕಾದು ನಿಂತಿದ್ದಳು.

"ನಾನು ಹೆಸರು ಹೇಳಿದ್ದೆ ಕಣಮ್ಮ. ನನ್ನ ಬಾಯಿಂದಲೇ ಹೇಳಿದ್ದೆ."

"ಹೇಳ್ಬೇಕು ಅಂದ್ಕೊಂಡಿರ್ತೀರ ಅಮ್ಮ. ಅಷ್ಟು ಉದ್ದ ಮಾತಾಡಿದ್ದೀರಿ. ಟೆನ್ಷನ್‌ನಲ್ಲಿ ಮರೆತಿರ್ತೀರ. ನಮ್ಮಮ್ಮನೂ ಹಂಗೇ, ಗ್ಯಾಸ್ ಆಫ್ ಮಾಡಿದ್ದೀನಿ ಅಂತಾರೆ, ನೋಡಿದ್ರೆ ಉರೀತಿರುತ್ತೆ."

ಪ್ರೀತಿಯಿಂದಲೇ ಹೇಳಿದಳು. ಅಂಜಿನಮ್ಮ ಅವಳ ಮುಖವನ್ನೇ ನೋಡಿದಳು. ನಮ್ಮೂರ ಹುಡುಗಿ.

ಸಂಹಿತಾ ಅಂಜಿನಮ್ಮನನ್ನು ಕೋಣೆಗೆ ಕರೆಸಿ, ಕೂರಿಸಿ, ನೀರು ಕೊಟ್ಟಳು. "ನೋಡಿ ಅಂಜಿನಮ್ಮ, ವಿಚಾರಣೆಯಲ್ಲಿ ಸುಳ್ಳು ಹೇಳಿದ್ರು ಅಂತ ಆದ್ರೆ ವಜಾ ಮಾಡ್ಲೇಬೇಕಾಗುತ್ತೆ. ಇಷ್ಟು ವರ್ಷ ದುಡಿದಿದ್ದೀರಿ, ನನಗೂ ಮನಸ್ಸಿಲ್ಲ. ಸುಳ್ಳು ಬೇಡ, ಮರೆವು ಅಂತ ಬರೆಯೋಣ. ಇತ್ತೀಚೆಗೆ ಮರೆವು ಜಾಸ್ತಿ, ಕೆಲಸ ಮಾಡೋಕಾಗ್ತಿಲ್ಲ, ನಾನಾಗೇ ಬಿಡ್ತಿದ್ದೀನಿ ಅಂತ. ಮರ್ಯಾದೆಯಾಗಿ ಹೋಗಬಹುದು."

ಸೂರ್ಯನೂ ಅದನ್ನೇ ಹೇಳಿದ. "ಯಂತ್ರ ಯಾಕಮ್ಮ ಸುಳ್ಳು ಹೇಳುತ್ತೆ? ಆ ಹುಡುಗಿ ಎಲ್ಲರ ಮುಂದೆ ತೋರಿಸಿದ್ಲಂತಲ್ಲ. ಸೈನ್ ಹಾಕ್ಬಿಡು."

ಸುಳ್ಳುಗಾತಿ ಅನ್ನಿಸಿಕೊಳ್ಳುವುದೋ, ಮರೆಗುಳಿ ಅನ್ನಿಸಿಕೊಳ್ಳುವುದೋ, ಎರಡರಲ್ಲಿ ಒಂದು. ಮಾನಸ್ಥ ಹೆಂಗಸು ಯಾವುದನ್ನು ಆರಿಸುತ್ತಾಳೆಂದು ಸಂಹಿತಾಳಿಗೆ ಗೊತ್ತಿತ್ತು. ಅಂಜಿನಮ್ಮ ಸಹಿ ಹಾಕಿದಳು.

*

ಮಳೆಗಾಲ ಕಳೆದ ಮೇಲೆ ಕಶ್ಯಪ್‌ಗೆ ಕಾರ್ಖಾನೆಯ ಡೇಟಾಬೇಸನ್ನು ಬೇರೆ ಕಡೆಗೆ ಸಾಗಿಸುವ ಯೋಚನೆ ಬಂತು. ಎಷ್ಟು ಜಾಗ ಬೇಕಾದೀತು ನೋಡು ಎಂದು ಪೂಜಿತಾಳಿಗೆ ಹೇಳಿದ. ಅವಳು ಪ್ರಕರಣಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಒಂದೊಂದರ ಉದ್ದ ಕೇಳಿದಳು.

ಮೇಲಿನ ಮೂರರದ್ದೂ ಒಂದೇ ಉದ್ದ. ಅರವತ್ತೈದು ಸಾವಿರದ ಐನೂರ ಮೂವತ್ತೈದು ಬೈಟು. ಮೂರು ಬೇರೆ ಬೇರೆ ಜನರ ಮಾತು ಒಂದೇ ಅಳತೆಗೆ ಬಂದು ನಿಲ್ಲುವುದಿಲ್ಲ. ಪೂಜಿತಾ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

ರೂಬಿಯಲ್ಲಿ ಬರೆಯುವವರು ಉದ್ದದ ಬರಹ ಇಡುವ ಜಾಗಕ್ಕೆ 'ಟೆಕ್ಸ್ಟ್' ಎಂದಷ್ಟೇ ಹೇಳುತ್ತಾರೆ. ಕೆಳಗೆ ಯಾವ ಡೇಟಾಬೇಸ್ ಇದ್ದರೂ ಅದೇ ಮಾತು. ಅದರ ಅರ್ಥವನ್ನು ಮಾತ್ರ ಒಂದೊಂದು ಡೇಟಾಬೇಸ್ ಒಂದೊಂದು ರೀತಿ ಮಾಡಿಕೊಳ್ಳುತ್ತದೆ. ಪೂಜಿತಾಳ ಲ್ಯಾಪ್‌ಟಾಪಿನಲ್ಲಿದ್ದ ಎಸ್‌ಕ್ಯೂಲೈಟ್‌ಗೆ ಟೆಕ್ಸ್ಟ್ ಅಂದರೆ ಎಷ್ಟು ತುಂಬಿದರೂ ತುಂಬದ ಕಣಜ. ಕಾರ್ಖಾನೆಯ ಸರ್ವರಿನಲ್ಲಿದ್ದ ಮೈಎಸ್‌ಕ್ಯೂಎಲ್‌ಗೆ ಅದು ಸರಿಯಾಗಿ ಅಷ್ಟೇ ಬೈಟು ಹಿಡಿಯುವ, ಬಾಯಿಯವರೆಗೆ ಅಳತೆ ಹಾಕಿದ ಡಬ್ಬ. ಆ ಡಬ್ಬದಲ್ಲಿ ಇಂಗ್ಲಿಷಿನ ಒಂದಕ್ಷರ ಒಂದು ಬೈಟು ಹಿಡಿದರೆ, ಕನ್ನಡದ ಅಕ್ಷರ, ಅದಕ್ಕೆ ಹತ್ತುವ ಇಳಿ, ಕೊಂಬು, ಒತ್ತು, ಎಲ್ಲಕ್ಕೂ ಮೂರು ಮೂರು ಬೇಕು. ಪೂಜಿತಾ ಯಾವತ್ತೂ ಕನ್ನಡ ಹಾಕಿ ಪರೀಕ್ಷೆ ಮಾಡಿರಲಿಲ್ಲ. ಯಾರೂ ಮಾಡುವುದಿಲ್ಲ. ಅಂಟಿಸಲು ಇಂಗ್ಲಿಷ್ ಪುಟ ಯಾವಾಗಲೂ ಕೈಗೆ ಸಿಗುತ್ತದೆ.

ಇನ್ನೊಂದು ಸಂಗತಿಯೂ ಇತ್ತು. ಒಂದು ಪ್ರಕರಣಕ್ಕೆ ಒಂದೇ ಡಬ್ಬ ಸಾಕೆಂದು ಅವಳೇ ಮಾಡಿದ್ದಳು. ಅದರಲ್ಲಿ ಮೊದಲು ದೂರು, ಆಮೇಲೆ ಸೂಪರ್‌ವೈಸರ್ ಹೇಳಿಕೆ, ಗಿರಾಕಿ ಕಂಪನಿಯ ಪತ್ರಗಳು, ಎಲ್ಲಕ್ಕಿಂತ ಕೊನೆಗೆ ಆರೋಪ ಹೊತ್ತವರ ಉತ್ತರ. ಕೊನೆಯ ಮಾತು ಅವರದ್ದೇ ಇರಬೇಕೆಂಬುದು ವಿಚಾರಣೆಯ ಪದ್ಧತಿ. ಅದೊಂದು ಮರ್ಯಾದೆ. ಡಬ್ಬ ತುಂಬಿದ ಮೇಲೆ ಬಂದದ್ದೂ ಅವರ ಮಾತೇ.

ತುಂಬಿದರೆ ಮೈಎಸ್‌ಕ್ಯೂಎಲ್ ಕೂಗಬೇಕಿತ್ತು. ಮೊದಲು ಕೂಗುತ್ತಲೂ ಇತ್ತು. ಹಾಜರಾತಿಯ ಹಳೇ ಮಾಹಿತಿ ತುಂಬುವಾಗ ಬಾರಿ ಬಾರಿಗೂ ತಕರಾರು ತೆಗೆಯುತ್ತಿತ್ತು. "ಅದರ ಬಾಯಿ ಮುಚ್ಚಿಸು ಗುರು, ನಾಳೆ ಡೆಮೋ ಇದೆ" ಎಂದು ಕಶ್ಯಪ್ ಹೇಳಿದಾಗ ಪೂಜಿತಾ ಒಂದು ಸಾಲು ಬರೆದು ಅದರ ಬಿಗಿಯನ್ನು ಸಡಿಲ ಮಾಡಿದ್ದಳು. ಅಂದಿನಿಂದ ಅದು ಹಿಡಿಸಿದಷ್ಟು ಇಟ್ಟುಕೊಂಡು, ಹಿಡಿಸದ್ದನ್ನು ಚೆಲ್ಲಿ, 'ತಲುಪಿದೆ' ಎನ್ನುತ್ತಿತ್ತು.

ಅವಳು ಅಂಜಿನಮ್ಮನ ಪ್ರಕರಣ ತೆರೆದು ಕಡೆಯ ಸಾಲನ್ನು ಓದಿದಳು. 'ನೋಡಿದವರು ಇದ್ದಾರೆ ಆವತ್ತು ನನ್ನ ಪಕ್ಕದ ಮೇಜಲ್ಲಿ ಕೂತಿದ್ದ' ಅಷ್ಟಕ್ಕೆ ನಿಂತಿತ್ತು.

ಕಶ್ಯಪ್ ಪರದೆ ನೋಡಿ, ಬಾಗಿಲು ಮುಚ್ಚಿ ಬಂದ.

"ಯಾರಿಗೆ ಹೇಳಿದೀಯ?"

"ಯಾರಿಗೂ ಇಲ್ಲ. ಅವರ ಕೆಲಸ ಹೋಗಿದೆ ಕಶ್ಯಪ್. ನಾನೇ ಹೋಗಿ ಸಹಿ ಹಾಕಿ ಬಂದಿದ್ದೀನಿ."

"ಅವರೇ ರಿಸೈನ್ ಮಾಡಿದ್ದು ತಾನೆ? ನೋಡು ಪೂಜಿ, ಆಗಿದ್ದಾಯ್ತು. ಡಬ್ಬ ದೊಡ್ಡದು ಮಾಡು. ಇನ್ಮೇಲೆ ಯಾರದ್ದೂ ಬೀಳಬಾರದು. ಅದೇ ನಾವು ಆ ಹೆಂಗಸಿಗೆ ಮಾಡೋ ನ್ಯಾಯ."

ಒಂದೇ ಸಾಲಿನ ತಿದ್ದುಪಡಿ. ಟೆಕ್ಸ್ಟ್ ಇದ್ದದ್ದು ಲಾಂಗ್‌ಟೆಕ್ಸ್ಟ್ ಆಯಿತು. ಸಡಿಲ ಮಾಡಿದ್ದನ್ನು ಮತ್ತೆ ಬಿಗಿ ಮಾಡಿದಳು. ಅವಳ ಟೀ ಆರುವುದರೊಳಗೆ ಮುಗಿಯಿತು. ಬದಲಾವಣೆಯ ಟಿಪ್ಪಣಿಯಲ್ಲಿ 'ಸಣ್ಣಪುಟ್ಟ ಸುಧಾರಣೆಗಳು' ಎಂದು ಕಶ್ಯಪ್ ಅವಳ ಕೈಯಲ್ಲೇ ಬರೆಸಿದ.

ಆದರೂ ಪೂಜಿತಾ ಸಂಹಿತಾಳ ಬಳಿಗೆ ಹೋದಳು. ಪ್ರಕರಣವನ್ನು ಮತ್ತೆ ತೆರೆಯುತ್ತಾರೆಂದು ನಂಬಿಯೇ ಹೋದಳು. ಬೈಟಿನ ಲೆಕ್ಕ, ಡಬ್ಬದ ಲೆಕ್ಕ, ಎಲ್ಲವನ್ನೂ ಬಿಡಿಸಿ ಹೇಳಿದಳು. ಸಂಹಿತಾ ಮಧ್ಯೆ ಬಾಯಿ ಹಾಕಲಿಲ್ಲ.

"ಕೂತಿದ್ದ ಅಂತ ನಿಂತಿದೆ ಅಲ್ವಾ?" ಎಂದಳು ಕೊನೆಗೆ.

ಪೂಜಿತಾ ತಲೆ ಎತ್ತಿ ನೋಡಿದಳು. ಆ ಸಾಲನ್ನು ಅವಳು ಇನ್ನೂ ಹೇಳಿರಲಿಲ್ಲ.

"ನಾನೂ ಕನ್ನಡ ಓದ್ತೀನಿ ಪೂಜಿತಾ. ವಾಕ್ಯ ಅರ್ಧಕ್ಕೆ ನಿಂತಿದ್ದು ಓದೋರಿಗೆ ಕಾಣಲ್ವಾ? ಏನೋ ಬಿದ್ದಿರಬೇಕು ಅಂತ ಅನುಮಾನ ಬಂತು. ಅದಕ್ಕೇ ನಿಮ್ಮನ್ನ ಕರೆಸಿದ್ದು. ನೀವು ಬಂದು, ಏನೂ ಬೀಳಲ್ಲ ಅಂದ್ರಿ. ತೋರಿಸಿದ್ರಿ. ಸೈನ್ ಮಾಡಿದ್ರಿ." ಅವಳು ಕಡತದಿಂದ ಆ ಹಾಳೆಯನ್ನು ತೆಗೆದು ಮೇಜಿನ ಮೇಲಿಟ್ಟಳು. "ಈಗ ನಾನು ಯಾವ ಪೂಜಿತಾನ ನಂಬ್ಲಿ?"

"ಅನುಮಾನ ಬಂದಿತ್ತು ಅಂದ್ರೆ ಆವತ್ತೇ ಆ ಸಾಲು ಪೂರ್ತಿ ಓದಬಹುದಿತ್ತಲ್ಲ ಮೇಡಂ."

"ಓದಿದ್ರೆ ಪಟಾಲಮ್ಮನ್ನ ಕರೆಸ್ಬೇಕಿತ್ತು. ಕರೆಸಿದ್ರೆ ಸುದರ್ಶನ್. ಸುದರ್ಶನ್ ಆದ್ಮೇಲೆ ಲಾರಿ ಕಳಿಸಿ ಅಂತ ಮೇಲಿಂದ ಫೋನ್ ಮಾಡಿದವರು. ಇದು ಎಲ್ಲಿಗೆ ಹೋಗಿ ನಿಲ್ತಿತ್ತು ಹೇಳಿ?" ಹಾಳೆಯನ್ನು ಮತ್ತೆ ಕಡತದೊಳಗಿಟ್ಟಳು. "ಕಾಫಿ ಕುಡಿದು ಹೋಗಿ."

ಪೂಜಿತಾ ಮೆಟ್ಟಿಲಿಳಿದು ಗೇಟಿಗೆ ಬರುವಷ್ಟರಲ್ಲಿ ಕಶ್ಯಪ್‌ಗೆ ಫೋನ್ ಹೋಗಿತ್ತು. ಆ ಸಂಜೆಯೇ ಕಾರ್ಖಾನೆಯ ಸರ್ವರಿಗೆ ಪೂಜಿತಾಳ ಪಾಸ್‌ವರ್ಡ್ ನಡೆಯದಂತಾಯಿತು.

*

ಭಾನುವಾರ ಪೂಜಿತಾ ಟಿನ್ ಫ್ಯಾಕ್ಟರಿಯಾಚೆಯ ಆ ಮನೆ ಹುಡುಕಿಕೊಂಡು ಹೋದಳು. ಅಂಜಿನಮ್ಮ ಬಾಗಿಲಲ್ಲೇ ಗುರುತು ಹಿಡಿದಳು.

"ಸೂರ್ಯ, ದೇವಸಂದ್ರದ ಹುಡುಗಿ ಬಂದವ್ಳೆ ನೋಡು. ಪೂಜಿತಾ ಅಲ್ವಾ? ಸರಿಯಾಗಿ ಹೇಳಿದ್ನಾ?"

"ಸರಿಯಾಗಿ ಹೇಳಿದ್ರಿ ಅಮ್ಮ."

ಒಲೆಯ ಪಕ್ಕ ಗೋಡೆಗೆ ಒಂದು ಚೀಟಿ ಅಂಟಿತ್ತು. ಗ್ಯಾಸ್ ನೋಡಿ, ಬಾಗಿಲು ನೋಡಿ, ಮಾತ್ರೆ ನೋಡಿ ಎಂದು ಸೊಸೆಯ ಅಕ್ಷರದಲ್ಲಿ ಬರೆದಿತ್ತು. ಸಹಿ ಹಾಕಿದ ಕಾಗದದಲ್ಲಿ ಮರೆವು ಎಂದಿದ್ದರಿಂದ ಸೂರ್ಯ ಅಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದ. ಡಾಕ್ಟರು ಕಾಗದ ನೋಡಿ, ಪ್ರಶ್ನೆ ಕೇಳಿ, ಶುರುವಾಗಿರಬಹುದು ಅಂದಿದ್ದರು. ಅಂದಿನಿಂದ ಅವಳನ್ನು ಒಬ್ಬಳೇ ಬಸ್ಸು ಹತ್ತಲು ಬಿಡುತ್ತಿರಲಿಲ್ಲ. ಬೀರುವಿನ ಬೀಗದ ಕೈಯನ್ನು ಅವಳೇ ಸೊಸೆಗೆ ಕೊಟ್ಟಿದ್ದಳು.

ಪೂಜಿತಾ ನೆಲದ ಮೇಲೆ ಅವಳೆದುರು ಕೂತು ಏನನ್ನೂ ಮುಚ್ಚಿಡದೆ ಹೇಳಿದಳು. ಡಬ್ಬದ್ದು, ಬಾಯಿ ಮುಚ್ಚಿಸಿದ್ದು, ಇಂಗ್ಲಿಷ್ ಪುಟದ್ದು, ಸಂಹಿತಾ ಹೇಳಿದ್ದು. "ನಿಮಗೆ ಮರೆವಿಲ್ಲ ಅಮ್ಮ. ನೀವು ಬರೆದಿದ್ರಿ. ತಪ್ಪು ನಂದು."

ಸೂರ್ಯ ಗೋಡೆಗೊರಗಿ ನಿಂತಿದ್ದ. "ಸಹಿ ಆಗಿದೆ. ಈಗೇನು ಮಾಡ್ಬೇಕು ಅಂತೀರ?"

"ಲೇಬರ್ ಆಫೀಸಿಗೆ ನಾನು ಬರೆದು ಕೊಡ್ತೀನಿ."

"ನೀವು ಒಂದ್ಸಲ ಬರೆದು ಕೊಟ್ರಲ್ಲ, ಸಾಕು."

ಅಂಜಿನಮ್ಮ ಮಗನಿಗೆ ಸುಮ್ಮನಿರು ಎಂದು ಕೈ ಸನ್ನೆ ಮಾಡಿದಳು. ಆ ಮುಖದಲ್ಲಿ ಏನೋ ಎದ್ದು ಬಂದಂತೆ ಪೂಜಿತಾಳಿಗೆ ಕಂಡಿತು.

"ಪಟಾಲಮ್ಮನ ಹೆಸರು ಕಾಣ್ತಾ ನಿನಗೆ? ನಿನ್ನ ಕಣ್ಣಾರೆ?"

"ಇಲ್ಲ ಅಮ್ಮ. ಪಕ್ಕದ ಮೇಜಲ್ಲಿ ಕೂತಿದ್ದ ಅಂತ ಬಂದು ನಿಂತಿದೆ. ಹೆಸರು ಅದರಾಚೆ ಬಿದ್ದೋಗಿದೆ."

"ಕೂತಿದ್ದ ಅಂತ." ಅಂಜಿನಮ್ಮ ತಲೆಯಾಡಿಸಿದಳು. ಎದ್ದು ಬಂದದ್ದು ಮತ್ತೆ ಕೂತಿತು. "ನೋಡಿದ್ಯಾ, ಅಲ್ಲೇ ಬಿಟ್ಟಿದ್ದೀನಿ. ಡಾಕ್ಟ್ರು ಅದನ್ನೇ ಕೇಳಿದ್ದು, ಮಾತಿನ ಮಧ್ಯೆ ಎಲ್ಲಿದ್ದೀನಿ ಅಂತ ಮರೆತು ನಿಲ್ಲಿಸ್ತೀರಾ ಅಂತ. ನಾನು ಇಲ್ಲ ಇಲ್ಲ ಅಂತಿದ್ದೆ."

"ಬಿದ್ದೋಗಿದೆ ಅಮ್ಮ. ನೀವು ನಿಲ್ಲಿಸಿದ್ದಲ್ಲ."

"ಬೀಳಲ್ಲ ಅಂತ ನೀನೇ ತೋರಿಸಿದ್ದು. ಅಷ್ಟುದ್ದ ಹಾಕಿದೆ, ಒಂದಕ್ಷರ ಬೀಳಲಿಲ್ಲ. ನಾನು ನೋಡ್ಲಿಲ್ವಾ?"

ಪೂಜಿತಾ ಚೀಲದಿಂದ ಲ್ಯಾಪ್‌ಟಾಪ್ ಅರ್ಧ ಎಳೆದು ನಿಲ್ಲಿಸಿದಳು. ಅದರಲ್ಲಿ ಈಗ ಹಾಕಿ ತೋರಿಸಿದರೂ ಎಲ್ಲವೂ ಉಳಿಯುತ್ತಿತ್ತು. ಕಾರ್ಖಾನೆಯ ಸರ್ವರಿನಲ್ಲೂ ಈಗ ಉಳಿಯುತ್ತಿತ್ತು. ಬಿದ್ದುಹೋಗುವ ಜಾಗವನ್ನು ಅವಳೇ ತನ್ನ ಕೈಯಾರೆ ಮುಚ್ಚಿ ಬಂದಿದ್ದಳು. ಲ್ಯಾಪ್‌ಟಾಪನ್ನು ಮತ್ತೆ ಒಳಗೆ ತಳ್ಳಿದಳು.

ಅಂಜಿನಮ್ಮ ಅವಳ ಕೆನ್ನೆ ಮುಟ್ಟಿದಳು. "ಒಳ್ಳೆ ಹೆಣ್ಣು ನೀನು. ಮುದುಕಿ ನೊಂದ್ಕೊಂಡವ್ಳೆ ಅಂತ ನಿನ್ನ ತಲೆ ಮೇಲೆ ಹಾಕ್ಕೊಳಕ್ಕೆ ಬಂದಿದ್ದೀಯ. ಬೇಡ ಕಣಮ್ಮ. ಕೆಲಸಕ್ಕೆ ಕುತ್ತು ತಂದ್ಕೋಬೇಡ. ಕೂತ್ಕೋ, ಕಾಫಿ ಕಾಯಿಸ್ತೀನಿ."

ಹಾಲಿಟ್ಟಳು. ಡಿಕಾಕ್ಷನ್ ಬಗ್ಗಿಸಿದಳು. ಎರಡು ಚಮಚ ಸಕ್ಕರೆ ಹಾಕಿ ಕಲಕಿದಳು. ಕೈ ಎಲ್ಲೂ ತಡೆಯಲಿಲ್ಲ. ವೈರಿನ ಕಟ್ಟನ್ನು ಬೋರ್ಡಿಗೆ ಸಿಕ್ಕಿಸಿ ಪಳಗಿದ ಕೈ. ಲೋಟ ತಂದು ಪೂಜಿತಾಳ ಮುಂದಿಟ್ಟು, ಅಲ್ಲೇ ನಿಂತಳು.

"ಸಕ್ಕರೆ ಹಾಕಿದ್ದೀನಾ ನೋಡಮ್ಮ."

ಪೂಜಿತಾ ಕುಡಿದಳು. "ಹಾಕಿದ್ದೀರಿ ಅಮ್ಮ. ಸರಿಯಾಗಿದೆ."

"ನೀನು ಹಂಗೇ ಅಂತೀಯ ಬಿಡು" ಎಂದು ಅಂಜಿನಮ್ಮ ನಕ್ಕು, ಸೊಸೆಯನ್ನು ಕೂಗಿದಳು. "ಬಾ ಇಲ್ಲಿ, ಇದನ್ನ ಒಂಚೂರು ನೋಡು."